ಗೇಮಿನೊಳಗಿನ ಆ ಮುಖ ಯಾರದ್ದು?

ಮಾರಿಯೋಗೆ ಮೀಸೆ ಯಾಕಿದೆ ಗೊತ್ತಾ? ಬಾಯಿ ಬಿಡಿಸೋಕೆ ಜಾಗ ಇರಲಿಲ್ಲ, ಅದಕ್ಕೆ.

ತಮಾಷೆ ಅಲ್ಲ. 1981ರಲ್ಲಿ ನಿಂಟೆಂಡೊ ಕಂಪನಿಯ ಶಿಗೆರು ಮಿಯಾಮೊಟೊ ‘ಡಾಂಕಿ ಕಾಂಗ್’ ಆಟಕ್ಕಾಗಿ ಒಬ್ಬ ಬಡಗಿಯನ್ನು ಬಿಡಿಸಲು ಕೂತಾಗ, ಇಡೀ ಮನುಷ್ಯನಿಗೆ ಸಿಕ್ಕಿದ್ದು ಉದ್ದಕ್ಕೂ ಅಗಲಕ್ಕೂ ಸುಮಾರು 16 ಚುಕ್ಕೆಗಳ ಜಾಗ. ಅದರಲ್ಲಿ ತಲೆಯ ಪಾಲು ಎಷ್ಟಿದ್ದೀತು, ನೀವೇ ಲೆಕ್ಕ ಹಾಕಿ. ಅಷ್ಟರೊಳಗೆ ತುಟಿ, ಹಲ್ಲು, ಗಲ್ಲ ಅಂತ ಹೊರಟರೆ ಮುಖದ ಬದಲು ಒಂದು ಕಲೆ ಬೀಳುತ್ತಿತ್ತು. ಹಾಗಾಗಿ ಒಂದು ದಪ್ಪ ಮೂಗು ಇಟ್ಟು ಅದರ ಕೆಳಗೆ ಮೀಸೆ ಎಳೆದರು. ಮೀಸೆ ಇದ್ದ ಮೇಲೆ ಬಾಯಿ ಕಾಣದಿದ್ದರೂ ನಡೆಯುತ್ತೆ. ಜಿಗಿಯುವಾಗ ಕೂದಲು ಹಾರಾಡೋದನ್ನು ತೋರಿಸೋ ಕಷ್ಟ ಬೇಡ ಅಂತ ಟೋಪಿ ಹಾಕಿದರು. ಕೈ ಬೀಸೋದು ಗೊತ್ತಾಗಲಿ ಅಂತ ಅಂಗಿಗೊಂದು ಬಣ್ಣ, ಓವರಾಲ್‌ಗೆ ಇನ್ನೊಂದು ಬಣ್ಣ. ಜಗತ್ತಿನಲ್ಲಿ ಅತಿ ಹೆಚ್ಚು ಜನ ಗುರುತು ಹಿಡಿಯುವ ಮುಖಗಳಲ್ಲಿ ಒಂದು ಹುಟ್ಟಿದ್ದು ಹೀಗೆ, ಇಕ್ಕಟ್ಟಿನಲ್ಲಿ.

ಆ ಮುಖ ಯಾರದ್ದು? ಯಾರದ್ದೂ ಅಲ್ಲ. ಹೆಸರು ಮಾತ್ರ ಒಬ್ಬರದ್ದು. ಅಮೆರಿಕದ ಸಿಯಾಟಲ್ ಹತ್ತಿರ ನಿಂಟೆಂಡೊದ ಗೋದಾಮು ಇತ್ತಲ್ಲ, ಅದರ ಮಾಲೀಕರ ಹೆಸರು ಮಾರಿಯೋ ಸೆಗಾಲೆ. ಕಂಪನಿಯವರು ತಮ್ಮ ಬಾಡಿಗೆ ಮನೆ ಓನರ್ ಹೆಸರನ್ನೇ ಬಡಗಿಗೆ ಇಟ್ಟುಬಿಟ್ಟರು. ಆಟ ಜಗತ್ತೆಲ್ಲ ಸುತ್ತಿ ಬಂದು ವರ್ಷಗಳಾದ ಮೇಲೆ ಸೆಗಾಲೆ ಪತ್ರಿಕೆಯೊಂದರ ಜೊತೆ ಮಾತಾಡುತ್ತಾ, ನನ್ನ ರಾಯಲ್ಟಿ ಚೆಕ್ಕಿಗೆ ಇನ್ನೂ ಕಾಯ್ತಾ ಇದ್ದೀನಿ ಎಂಬರ್ಥದ ಮಾತು ಹೇಳಿ ನಕ್ಕಿದ್ದರು. 2018ರಲ್ಲಿ ತೀರಿಕೊಂಡರು.

ವಿಡಿಯೋ ಗೇಮುಗಳ ಇತಿಹಾಸ ಅಂದರೆ ಚಿಪ್ಪುಗಳ, ಗ್ರಾಫಿಕ್ಸ್ ಕಾರ್ಡುಗಳ ಇತಿಹಾಸ ಅಂತ ಹೇಳೋದು ರೂಢಿ. ನನಗೆ ಅದನ್ನು ಮುಖಗಳ ಇತಿಹಾಸವಾಗಿ ಓದೋದು ಇಷ್ಟ. ಯಾಕೆಂದರೆ ಯಂತ್ರಕ್ಕೆ ಮುಖ ಬಿಡಿಸೋಕೆ ಬಾರದೇ ಇದ್ದಷ್ಟು ದಿನ ಸೆಗಾಲೆಯ ಪ್ರಶ್ನೆ ಬರೀ ಜೋಕು. ಬಿಡಿಸೋಕೆ ಬಂದ ಮೇಲೆ ಅದು ಕೋರ್ಟಿನ ಮೆಟ್ಟಿಲು ಹತ್ತಿತು.

ಮಾರಿಯೋಗಿಂತ ಒಂದು ವರ್ಷ ಹಿಂದೆ, 1980ರಲ್ಲಿ, ಜಪಾನಿನ ನಾಮ್ಕೊ ಕಂಪನಿಯಿಂದ ಪ್ಯಾಕ್‌ಮ್ಯಾನ್ ಬಂದ. ಅವನನ್ನು ರೂಪಿಸಿದವರು ತೋರು ಇವಾತಾನಿ. ಪ್ಯಾಕ್‌ಮ್ಯಾನ್‌ಗೆ ಮೈಯೇ ಇಲ್ಲ. ಇರೋದೆಲ್ಲ ತಲೆ, ಆ ತಲೆಯಲ್ಲಿ ಬರೀ ಬಾಯಿ. ಜಪಾನೀ ಭಾಷೆಯಲ್ಲಿ ‘ಪಾಕು ಪಾಕು’ ಅಂದರೆ ನಮ್ಮ ‘ಗಬಗಬ’ ಇದ್ದ ಹಾಗೆ, ತಿನ್ನುವ ಸದ್ದು. ಮಜಾ ಏನಂದ್ರೆ ಆ ಮೊದಲ ಆಟದಲ್ಲಿ ಅವನಿಗೆ ಕಣ್ಣಿಲ್ಲ. ಕಣ್ಣು ಇರೋದು ಅವನನ್ನು ಅಟ್ಟಿಸಿಕೊಂಡು ಬರುವ ನಾಲ್ಕು ದೆವ್ವಗಳಿಗೆ. ದೆವ್ವ ಯಾವ ಕಡೆ ಹೊರಟಿದೆಯೋ ಆ ಕಡೆಗೆ ಅದರ ಕಣ್ಣು ತಿರುಗುತ್ತೆ. ಅದನ್ನು ನೋಡಿ ಆಡುವವನು ತಪ್ಪಿಸಿಕೊಳ್ಳಬೇಕು. ದೆವ್ವವನ್ನೇ ತಿಂದು ಹಾಕಿದರೆ ಉಳಿಯೋದು ಕಣ್ಣುಗಳು ಮಾತ್ರ, ಅವು ಸರಸರ ತೇಲಿಕೊಂಡು ಗೂಡಿಗೆ ವಾಪಸ್. ಎಂಥ ಬುದ್ಧಿವಂತಿಕೆ ನೋಡಿ! ಎದುರಿನವರ ಮುಖದಲ್ಲಿ ನಾವು ಮೊದಲು ಹುಡುಕೋದು ಕಣ್ಣನ್ನ. ಒಂದೆರಡು ಬಿಳಿ ಚುಕ್ಕೆ ಇಟ್ಟರೆ ಸಾಕು, ಮಿಕ್ಕಿದ್ದನ್ನು ನಮ್ಮ ಮಿದುಳು ತುಂಬಿಕೊಳ್ಳುತ್ತೆ.

ಈ ಗುಟ್ಟನ್ನು ಚೆನ್ನಾಗಿ ಅರಿತಿದ್ದವರು ಅಮೆರಿಕದ ಟೆಕ್ಸಾಸ್‌ನ ಐಡಿ ಸಾಫ್ಟ್‌ವೇರ್ ಹುಡುಗರು. 1993ರ ‘ಡೂಮ್’ ಆಟದಲ್ಲಿ ಕಾಣೋದು ನಾಯಕನ ಕಣ್ಣಿಂದ, ಅಂದರೆ ನಮ್ಮ ಮುಂದೆ ಇರೋದು ಬರೀ ಕೈ, ಬಂದೂಕು. ಹಾಗಾದರೆ ನಾಯಕನ ಮುಖ? ಅದನ್ನು ಪರದೆಯ ಕೆಳಗಿನ ಪಟ್ಟಿಯ ನಟ್ಟನಡುವೆ ಇಟ್ಟರು. ಎಡಗಡೆಯಿಂದ ಗುಂಡು ಬಿದ್ದರೆ ಎಡಕ್ಕೆ ತಿರುಗುತ್ತೆ. ಹೊಸ ಬಂದೂಕು ಸಿಕ್ಕರೆ ಹಲ್ಲು ಕಿರಿಯುತ್ತೆ. ಪೆಟ್ಟು ತಿಂದಷ್ಟೂ ಮೂಗು ಬಾಯಲ್ಲಿ ರಕ್ತ, ಒಟ್ಟು ಐದು ಹಂತ. ಆರೋಗ್ಯ ಎಷ್ಟು ಪರ್ಸೆಂಟ್ ಉಳಿದಿದೆ ಅಂತ ಪಕ್ಕದಲ್ಲೇ ಅಂಕಿ ಇರುತ್ತೆ. ಆದರೆ ಗುಂಡಿನ ಮಳೆಯಲ್ಲಿ ಅಂಕಿ ಓದೋರು ಯಾರು? ಮುಖ ನೋಡಿದರೆ ಗೊತ್ತಾಗುತ್ತಲ್ಲ. ಕೋಡ್ ಬರೆದು ಹೊಟ್ಟೆ ಹೊರೆಯುವ ಗೆಳೆಯರಿಗೆ ಇನ್ನೊಂದು ಖುಷಿಯ ಸಂಗತಿ: ಒಂದೇ ಪೆಟ್ಟಿಗೆ 20ಕ್ಕಿಂತ ಹೆಚ್ಚು ಅಂಕ ಹೋದರೆ ತೋರಿಸಬೇಕು ಅಂತ ಬೆಚ್ಚಿಬೀಳುವ ಮುಖವೊಂದನ್ನು ಬಿಡಿಸಿದ್ದರು. ಕೋಡಿನಲ್ಲಿ ಕಳೆಯುವ ಲೆಕ್ಕ ಉಲ್ಟಾ ಆಗಿ, ಅದು ಬಹಳ ಜನರಿಗೆ ಕಾಣಲೇ ಇಲ್ಲ.

ಮರುವರ್ಷ ‘ಡೂಮ್ 2’ ಬಂತು. ಕೊನೆಯ ಹಂತದ ರಾಕ್ಷಸ ಅಂದರೆ ಗೋಡೆ ತುಂಬ ಒಂದು ದೈತ್ಯ ತಲೆ. ಹಣೆ ಒಡೆದು ಮಿದುಳು ತೆರೆದುಕೊಂಡಿದೆ, ಅದರೊಳಕ್ಕೆ ರಾಕೆಟ್ ಹೊಡೆಯಬೇಕು. (ಮಿದುಳೇ ವಿಲನ್ ಆಗೋದು ಗೇಮುಗಳಲ್ಲಿ ಹಳೇ ಪದ್ಧತಿ. 1986ರ ‘ಮೆಟ್ರಾಯ್ಡ್’ ಆಟದ ಕೊನೆಗೂ ಗಾಜಿನ ಜಾಡಿಯೊಳಗೆ ಒಂದು ಮಿದುಳು ಕಾಯ್ತಾ ಕೂತಿರುತ್ತೆ.) ಆದರೆ ಡೂಮ್ ರಾಕ್ಷಸನ ಆ ಮಿದುಳಿನ ಒಳಗೆ, ಗೋಡೆಯ ಹಿಂದೆ, ಇನ್ನೊಂದು ತಲೆ ಇತ್ತು. ಕಂಬಕ್ಕೆ ಚುಚ್ಚಿದ, ಕಂಪನಿಯ ಸಹಸಂಸ್ಥಾಪಕ ಜಾನ್ ರೊಮೆರೊ ಅವರ ತಲೆ! ಚಿತ್ರ ಬಿಡಿಸುವ ಸಹೋದ್ಯೋಗಿಗಳು ಅವರಿಗೆ ಹೇಳದೆ ಕೀಟಲೆ ಮಾಡಿದ್ದರು. ಆಟ ಗೆಲ್ಲಬೇಕಾದರೆ ನಿಜಕ್ಕೂ ಹೊಡೆಯಬೇಕಾದ್ದು ಅದನ್ನೇ. ರೊಮೆರೊಗೆ ಇದು ಗೊತ್ತಾದಾಗ ಜಗಳಕ್ಕೆ ಹೋಗಲಿಲ್ಲ. ಗೆಲ್ಲಬೇಕಾದರೆ ನನ್ನನ್ನೇ ಕೊಲ್ಲಬೇಕು ಅಂತ ತಮ್ಮ ದನಿಯಲ್ಲೇ ಹೇಳಿ, ಅದನ್ನು ಹಿಂದುಮುಂದು ತಿರುಗಿಸಿ ರಾಕ್ಷಸನ ಬಾಯಿಗೆ ಹಾಕಿದರು. ಈ ಕಥೆ ಹೇಳಿದರೆ ಎಲ್ಲರೂ ನಗುತ್ತಾರೆ. ನಗು ಬರೋದಕ್ಕೆ ಕಾರಣವೂ ಇದೆ. ಅವರು ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡುವ ಗೆಳೆಯರು. ತಲೆ ಯಾರದ್ದೋ ಅವರಿಗೇ ಕಂಪನಿಯಲ್ಲಿ ಪಾಲಿತ್ತು. ಬೇಡ ಅಂದಿದ್ದರೆ ಅದನ್ನು ತೆಗೆಸುವ ಅಧಿಕಾರವೂ ಇತ್ತು.

ಈ ಮೂರೂ ಇಲ್ಲದವರ ಕಥೆ ಬೇರೆ.

ಗೇಮಿನೊಳಗೆ ಕ್ಯಾಮೆರಾ ಬಂದದ್ದು 1983ರಲ್ಲಿ. ‘ಜರ್ನಿ’ ಅನ್ನೋ ರಾಕ್ ಬ್ಯಾಂಡಿನ ಹೆಸರಲ್ಲಿ ಬ್ಯಾಲಿ ಮಿಡ್‌ವೇ ಕಂಪನಿ ಒಂದು ಆರ್ಕೇಡ್ ಆಟ ಮಾಡಿತು. ಬಣ್ಣಬಣ್ಣದ ಪುಟಾಣಿ ಕಾರ್ಟೂನ್ ಮೈಗಳ ಮೇಲೆ ಗಾಯಕರ ಕಪ್ಪು ಬಿಳುಪು ಫೋಟೋ ತಲೆಗಳು. ನಮ್ಮ ಜಾತ್ರೆಗಳ ಸ್ಟುಡಿಯೋದಲ್ಲಿ ಹಲಗೆಯ ತೂತಿನಲ್ಲಿ ಮುಖ ತೂರಿಸಿ ಫೋಟೋ ತೆಗೆಸಿಕೊಳ್ತಿದ್ದರಲ್ಲ, ಥೇಟ್ ಹಾಗೆ. ಮೂಲ ಆಲೋಚನೆ ಇನ್ನೂ ದೊಡ್ಡದಿತ್ತಂತೆ: ಯಂತ್ರಕ್ಕೇ ಕ್ಯಾಮೆರಾ ಕೂರಿಸಿ, ಹೆಚ್ಚು ಅಂಕ ಗಳಿಸಿದವರ ಮುಖವನ್ನು ಪರದೆ ಮೇಲೆ ತೋರಿಸೋದು. ಪರೀಕ್ಷೆಗೆ ಇಟ್ಟ ಕಡೆ ಯಾರೋ ಪುಣ್ಯಾತ್ಮ ಕ್ಯಾಮೆರಾದ ಮುಂದೆ ಪ್ಯಾಂಟು ಬಿಚ್ಚಿದ, ಅಲ್ಲಿಗೆ ಆ ಯೋಜನೆ ಮುಗೀತು ಅನ್ನೋದು ಗೇಮ್ ಲೋಕದಲ್ಲಿ ಚಾಲ್ತಿಯಲ್ಲಿರುವ ಕಥೆ.

ತಂತ್ರ ಮಾತ್ರ ಉಳಿಯಿತು. 1992ರಲ್ಲಿ ಅದೇ ಮಿಡ್‌ವೇ ‘ಮಾರ್ಟಲ್ ಕಾಂಬ್ಯಾಟ್’ ತಂದಿತು. ಈ ಸಲ ತಲೆ ಮಾತ್ರ ಅಲ್ಲ, ಇಡೀ ಮನುಷ್ಯ. ನಿಜವಾದ ಕರಾಟೆ, ಕುಂಗ್‌ಫು ಪಟುಗಳನ್ನು ಕ್ಯಾಮೆರಾ ಮುಂದೆ ಒದೆಸಿ, ಬೀಳಿಸಿ, ಒಂದೊಂದೇ ಚಿತ್ರವನ್ನು ಆಟದೊಳಕ್ಕೆ ಇಳಿಸಿದರು. ಎದುರಾಳಿಯ ತಲೆಯನ್ನು ಬೆನ್ನುಮೂಳೆ ಸಮೇತ ಕಿತ್ತು ಎತ್ತಿ ಹಿಡಿಯುವ ಆ ಕುಖ್ಯಾತ ದೃಶ್ಯ ಇದರದ್ದೇ. 1993ರ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್ ಇಂಥ ಆಟಗಳ ಮೇಲೆ ವಿಚಾರಣೆಯನ್ನೇ ನಡೆಸಿತು. ಮರುವರ್ಷ ಗೇಮುಗಳಿಗೆ ವಯಸ್ಸಿನ ರೇಟಿಂಗ್ ಕೊಡುವ ವ್ಯವಸ್ಥೆ ಬಂತು.

ಕಿತ್ತ ತಲೆಯ ಬಗ್ಗೆ ಸೆನೆಟರುಗಳು ಅಷ್ಟು ಮಾತಾಡಿದರು. ಆ ತಲೆಗಳ ನಿಜವಾದ ವಾರಸುದಾರರ ಬಗ್ಗೆ ಯಾರೂ ಕೇಳಲಿಲ್ಲ. ಡ್ಯಾನಿಯಲ್ ಪೆಸೀನಾ ಅನ್ನೋ ಸಮರಕಲೆಯ ಪಟು ಮೊದಲ ಆಟದಲ್ಲಿ ಜಾನಿ ಕೇಜ್, ಸ್ಕಾರ್ಪಿಯನ್, ಸಬ್‌ಝೀರೋ ಎಲ್ಲವೂ ಆಗಿದ್ದರು. ನಾನು ಒಪ್ಪಿದ್ದು ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಕ್ಕೆ ಮಾತ್ರ, ಮನೆಯಲ್ಲಿ ಆಡುವ ಆವೃತ್ತಿಗಳಿಗೂ ನನ್ನನ್ನೇ ಬಳಸಿ ದುಡ್ಡು ಮಾಡಿದರು ಅಂತ ಅವರು ಕೋರ್ಟಿಗೆ ಹೋದರು. 1996ರಲ್ಲಿ ಸೋತರು. ಯಾಕೆ ಅಂತೀರಾ? ಆಟ ಆಡುವ 306 ಜನರನ್ನು ಕೇಳಿದ ಸಮೀಕ್ಷೆಯೊಂದು ಕೋರ್ಟಿನ ಮುಂದೆ ಬಂತು. ಪೆಸೀನಾರನ್ನು ಗುರುತಿಸಿದವರು ಶೇಕಡಾ 6 ಮಾತ್ರ. ಕಂಪ್ಯೂಟರಿನಲ್ಲಿ ಚಿತ್ರವನ್ನು ತಿದ್ದಿದ್ದಾರೆ, ನಿಮ್ಮನ್ನು ಯಾರೂ ಗುರುತು ಹಿಡಿಯುತ್ತಿಲ್ಲ, ಹಾಗಾದ ಮೇಲೆ ನಿಮ್ಮ ಗುರುತನ್ನು ಮಾರಿಕೊಂಡರು ಅನ್ನೋದು ಎಲ್ಲಿ ಬಂತು? ಇದು ನ್ಯಾಯಾಲಯದ ತರ್ಕದ ಸಾರ.

ಈಗ ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. 1993ರಲ್ಲಿ ಮಿಡ್‌ವೇಯೇ ‘ಎನ್‌ಬಿಎ ಜ್ಯಾಮ್’ ಅನ್ನೋ ಬ್ಯಾಸ್ಕೆಟ್‌ಬಾಲ್ ಆಟ ತಂದಿತು. ಆಟಗಾರರ ನಿಜವಾದ ಮುಖಗಳು, ಬೇಕಾದರೆ ತಲೆಗಳನ್ನು ಕುಂಬಳಕಾಯಿ ಗಾತ್ರಕ್ಕೆ ಉಬ್ಬಿಸುವ ಗುಪ್ತ ಕೋಡ್ ಬೇರೆ. ಇಡೀ ಲೀಗಿನ ದೊಡ್ಡ ದೊಡ್ಡ ತಲೆಗಳೆಲ್ಲ ಇದ್ದವು, ಎಲ್ಲಕ್ಕಿಂತ ದೊಡ್ಡದೊಂದನ್ನು ಬಿಟ್ಟು. ಮೈಕೆಲ್ ಜೋರ್ಡನ್ ಅದರಲ್ಲಿ ಇರಲಿಲ್ಲ. ತನ್ನ ಹೆಸರು, ಮುಖದ ಹಕ್ಕನ್ನು ಅವರು ಲೀಗಿನ ಸಾಮೂಹಿಕ ಒಪ್ಪಂದದಿಂದ ಹೊರಗೆ, ತಮ್ಮ ಹತ್ತಿರವೇ ಇಟ್ಟುಕೊಂಡಿದ್ದರು. ಒಂದೇ ಕಂಪನಿ, ಆಜೂಬಾಜು ವರ್ಷಗಳು. ಒಬ್ಬನ ಮುಖ ಎಷ್ಟು ಪ್ರಸಿದ್ಧ ಅಂದರೆ ಅದನ್ನು ಮುಟ್ಟುವ ಹಾಗಿಲ್ಲ. ಇನ್ನೊಬ್ಬನ ಮುಖ ಎಷ್ಟು ಅಪರಿಚಿತ ಅಂದರೆ ಕೇಳೋ ಹಕ್ಕೂ ಇಲ್ಲ.

ನಮ್ಮಲ್ಲಿ ಈ ಲೈಸೆನ್ಸ್ ವಿಷಯ ಅರ್ಥ ಮಾಡಿಸಿದ್ದು ಕ್ರಿಕೆಟ್. ನನ್ನ ವಯಸ್ಸಿನವರಿಗೆ ‘ಇಎ ಕ್ರಿಕೆಟ್ 07’ ನೆನಪಿರುತ್ತೆ. ಹಾಸ್ಟೆಲಿನ ಒಂದೇ ಒಂದು ಕಂಪ್ಯೂಟರಿಗೆ ಕೀಬೋರ್ಡಿನ ಅರ್ಧ ನನಗೆ, ಅರ್ಧ ರೂಮ್‌ಮೇಟಿಗೆ. ಲೈಸೆನ್ಸ್ ಇದ್ದದ್ದು ಆಸ್ಟ್ರೇಲಿಯಾ, ಇಂಗ್ಲೆಂಡ್ ತಂಡಗಳಿಗೆ ಮಾತ್ರ. ಭಾರತ ತಂಡದಲ್ಲಿ ಇರೋರೆಲ್ಲ ಬೇರೆ ಹೆಸರಿನವರು. ಆದರೆ ಒಂದು ಓವರ್ ಆಡುವಷ್ಟರಲ್ಲಿ ಇವ ಯಾರು, ಅವ ಯಾರು ಅಂತ ನಮಗೆ ಗೊತ್ತಾಗಿಬಿಡುತ್ತಿತ್ತು. ಆಮೇಲೆ ಯಾರೋ ಪೆನ್‌ಡ್ರೈವಿನಲ್ಲಿ ಪ್ಯಾಚ್ ತರೋರು. ಅದನ್ನು ಹಾಕಿದ ಕೂಡಲೇ ದ್ರಾವಿಡ್ ದ್ರಾವಿಡ್ಡೇ, ಕುಂಬ್ಳೆ ಕುಂಬ್ಳೆಯೇ.

ಹೆಸರು ತೆಗೆದುಬಿಟ್ಟರೆ ಮನುಷ್ಯನನ್ನು ತೆಗೆದ ಹಾಗಾಯ್ತಾ? ಇದೇ ಪ್ರಶ್ನೆ ಅಮೆರಿಕದಲ್ಲಿ ಒಂದು ಇಡೀ ಉದ್ಯಮವನ್ನು ಅಲ್ಲಾಡಿಸಿತು. ಎಡ್ ಒಬ್ಯಾನನ್ 1995ರಲ್ಲಿ ಯುಸಿಎಲ್‌ಎ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡವನ್ನು ರಾಷ್ಟ್ರೀಯ ಚಾಂಪಿಯನ್ ಮಾಡಿದ ಆಟಗಾರ. ಆಮೇಲೆ ಆಟ ಮುಗಿದು ಲಾಸ್ ವೇಗಸ್ ಬಳಿ ಕಾರ್ ಡೀಲರ್‌ಶಿಪ್ ಒಂದರಲ್ಲಿ ಕೆಲಸ ಮಾಡ್ತಿದ್ದರು. ಒಂದು ದಿನ ಗೆಳೆಯನ ಮನೆಗೆ ಹೋದಾಗ ಅವನ ಮಗ ಒಂದು ಗೇಮ್ ಆಡ್ತಿದ್ದ. ಪರದೆ ಮೇಲೆ ಯುಸಿಎಲ್‌ಎ ಜೆರ್ಸಿ, 31ನೇ ನಂಬರು, ಎಡಗೈ, ಬೋಳುತಲೆ. ಹೆಸರಿಲ್ಲ. ಹೆಸರು ಬೇಕಾಗಿಯೂ ಇರಲಿಲ್ಲ, ಅದು ಅವರೇ. ಆಗ ಅಮೆರಿಕದ ಕಾಲೇಜು ಕ್ರೀಡಾಪಟುಗಳು ‘ಹವ್ಯಾಸಿಗಳು’, ಆದ್ದರಿಂದ ಅವರಿಗೆ ದುಡ್ಡು ಕೊಡಬಾರದು ಅನ್ನೋ ನಿಯಮ ಇತ್ತು. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಗೂ, ಗೇಮ್ ಕಂಪನಿಗೂ ದುಡ್ಡು ಬರಬಹುದಿತ್ತು, ಮುಖದ ಮಾಲೀಕನಿಗೆ ಮಾತ್ರ ಬರುವಂತಿರಲಿಲ್ಲ. 2009ರಲ್ಲಿ ಒಬ್ಯಾನನ್ ಕೇಸು ಹಾಕಿದರು. ಸ್ಯಾಮ್ ಕೆಲ್ಲರ್ ಎಂಬ ಕಾಲೇಜು ಫುಟ್‌ಬಾಲ್ ಆಟಗಾರ ಅದೇ ವರ್ಷ ಹಾಕಿದ ಇನ್ನೊಂದು ಕೇಸಿನಲ್ಲಿ, ಇದು ನಮ್ಮ ಕಲಾತ್ಮಕ ಅಭಿವ್ಯಕ್ತಿ ಅನ್ನೋ ಗೇಮ್ ಕಂಪನಿಯ ವಾದವನ್ನು 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ: ಆಟಗಾರ ನಿಜಜೀವನದಲ್ಲಿ ಏನು ಮಾಡ್ತಾನೋ ಅದನ್ನೇ ಆಟದಲ್ಲೂ ಮಾಡಿಸಿದ್ದೀರಿ, ಹೊಸದೇನು ಸೇರಿಸಿದ್ದೀರಿ ಅಂತ. ಕಂಪನಿ ಕಾಲೇಜು ಫುಟ್‌ಬಾಲ್ ಆಟಗಳನ್ನೇ ನಿಲ್ಲಿಸಿತು. ರಾಜಿಯಲ್ಲಿ ಆಟಗಾರರ ಪಾಲಿಗೆ ಒಟ್ಟು 6 ಕೋಟಿ ಡಾಲರ್ ತೆಗೆದಿಡಬೇಕಾಯಿತು. 2014ರಲ್ಲಿ ಒಬ್ಯಾನನ್ ಕೂಡ ಎನ್‌ಸಿಎಎ ವಿರುದ್ಧ ಗೆದ್ದರು.

ಹತ್ತು ವರ್ಷಗಳ ಮೇಲೆ, 2024ರಲ್ಲಿ, ಆ ಆಟ ಮತ್ತೆ ಬಂತು. ಈ ಸಲ ಮುಖ ಕೊಡಲು ಒಪ್ಪಿದ ಪ್ರತಿ ಆಟಗಾರನಿಗೂ 600 ಡಾಲರ್, ಜೊತೆಗೆ ಆಟದ ಒಂದು ಪ್ರತಿ. ನಮ್ಮ ಲೆಕ್ಕದಲ್ಲಿ ಸುಮಾರು 50 ಸಾವಿರ ರೂಪಾಯಿ. ಹತ್ತು ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದರು. ಕಮ್ಮಿ ಅನ್ನಿಸುತ್ತಾ? ನನಗೂ ಅನ್ನಿಸಿತು. ಆದರೆ ಸೊನ್ನೆಯಿಂದ 600ಕ್ಕೆ ಬರೋಕೆ ಒಂದು ತಲೆಮಾರಿನ ಆಟಗಾರರು ಕೋರ್ಟ್ ಅಲೆಯಬೇಕಾಯಿತು ಅನ್ನೋದನ್ನೂ ಮರೆಯೋ ಹಾಗಿಲ್ಲ.

ಇಷ್ಟು ಹೊತ್ತಿಗೆ ಯಂತ್ರ ಎಲ್ಲಿಗೆ ತಲುಪಿತ್ತು? 2011ರ ‘ಎಲ್.ಎ. ನ್ವಾರ್’ ಪತ್ತೇದಾರಿ ಆಟಕ್ಕೆ ನಟರನ್ನು ಕುರ್ಚಿಯಲ್ಲಿ ಕೂರಿಸಿ, 32 ಕ್ಯಾಮೆರಾಗಳಿಂದ ಒಟ್ಟಿಗೆ ಮುಖ ಸೆರೆಹಿಡಿದರು. ನಾಲ್ಕುನೂರಕ್ಕೂ ಹೆಚ್ಚು ನಟರು. ಆರೋಪಿಯ ಕಣ್ಣಂಚು, ತುಟಿಯ ತುದಿ ನೋಡಿ ಸುಳ್ಳು ಹೇಳ್ತಿದ್ದಾನಾ ಇಲ್ಲವಾ ಅಂತ ಹೇಳೋದೇ ಆಟ. ಮೀಸೆ ಬಿಡಿಸಿ ಬಾಯಿ ಮುಚ್ಚಿದ್ದ ಕಾಲದಿಂದ ಬರೀ 30 ವರ್ಷ. ಅಲ್ಲಿಂದ ಮುಂದಿನ ಹೆಜ್ಜೆ ಏನು ಅಂತ ನಟರಿಗೆ ಬೇಗ ಅರ್ಥವಾಯಿತು: ಒಮ್ಮೆ ಇಷ್ಟು ಚೆನ್ನಾಗಿ ಅಳೆದು ಇಟ್ಟುಕೊಂಡರೆ, ಮುಂದಿನ ಸಲ ನಮ್ಮನ್ನು ಕರೆಯೋದೇ ಬೇಡ, ಎಐ ಸಾಕು. 2024ರ ಜುಲೈಯಲ್ಲಿ ಅಮೆರಿಕದ ಗೇಮ್ ಕಲಾವಿದರು ಮುಷ್ಕರ ಹೂಡಿದರು. ಹೆಚ್ಚುಕಮ್ಮಿ ಒಂದು ವರ್ಷ ನಡೆಯಿತು. 2025ರ ಒಪ್ಪಂದದಲ್ಲಿ, ಡಿಜಿಟಲ್ ನಕಲು ಮಾಡಬೇಕಾದರೆ ಕಲಾವಿದರ ಒಪ್ಪಿಗೆ ಬೇಕು ಅನ್ನೋ ಮಾತು ಸೇರಿತು.

ಇದೆಲ್ಲ ನಟರ, ಆಟಗಾರರ ಪಾಡು, ನಮಗೇನು ಅಂತೀರಾ? ನಮ್ಮ ಮುಖವೂ ಸರದಿಯಲ್ಲಿದೆ. 2000ನೇ ಇಸವಿಯ ‘ಪರ್ಫೆಕ್ಟ್ ಡಾರ್ಕ್’ ಆಟದಲ್ಲೇ, ಗೇಮ್‌ಬಾಯ್ ಕ್ಯಾಮೆರಾದಲ್ಲಿ ತೆಗೆದ ಫೋಟೋವನ್ನು ಪಾತ್ರಗಳ ತಲೆಗೆ ಅಂಟಿಸುವ ಸೌಲಭ್ಯ ಇರಬೇಕಿತ್ತು. ಬಿಡುಗಡೆಗೆ ಮೊದಲೇ ಕೈಬಿಟ್ಟರು. ಕೊಟ್ಟ ಕಾರಣ ತಾಂತ್ರಿಕ ತೊಂದರೆ. ಆದರೆ ಹಿಂದಿನ ವರ್ಷವಷ್ಟೇ ಕೊಲಂಬೈನ್ ಶಾಲೆಯಲ್ಲಿ ಗುಂಡಿನ ದಾಳಿ ನಡೆದಿತ್ತು. ಮೇಷ್ಟರ ಮುಖ ಅಂಟಿಸಿ ಗುಂಡು ಹೊಡೆಯುವ ಹುಡುಗರನ್ನು ಕಲ್ಪಿಸಿಕೊಳ್ಳೋಕೆ ಆಗ ಯಾರಿಗೂ ಕಷ್ಟವಿರಲಿಲ್ಲ. 2014ರ ಹೊತ್ತಿಗೆ ಆ ಅಳುಕು ಹೋಗಿತ್ತು. ‘ಎನ್‌ಬಿಎ 2ಕೆ15’ ಆಟದಲ್ಲಿ ಕ್ಯಾಮೆರಾ ಮುಂದೆ ನಿಧಾನಕ್ಕೆ ತಲೆ ತಿರುಗಿಸುತ್ತಾ ಕಾಲು ಗಂಟೆ ಕೂತರೆ, ನಿಮ್ಮ ಮುಖದ ಆಟಗಾರ ಸಿದ್ಧ. ಆ ಅಳತೆಗಳನ್ನು ಎಷ್ಟು ದಿನ ಇಟ್ಟುಕೊಳ್ತೀರಿ, ಏನು ಮಾಡ್ತೀರಿ ಅಂತ ಇಬ್ಬರು ಗ್ರಾಹಕರು ನ್ಯೂಯಾರ್ಕಿನಲ್ಲಿ ಕೇಸು ಹಾಕಿದರು. 2017ರಲ್ಲಿ ಅದು ವಜಾ ಆಯಿತು. ಸ್ಕ್ಯಾನ್‌ಗೆ ನೀವೇ ಒಪ್ಪಿದ್ದಿರಿ, ನಿಮಗಾದ ನಷ್ಟ ಏನು ಅಂತ ತೋರಿಸಿಲ್ಲ, ಅಷ್ಟೇ.

2021ರಲ್ಲಿ ಚೀನಾದ ಟೆನ್ಸೆಂಟ್ ಇನ್ನೂ ಮುಂದೆ ಹೋಯಿತು. ರಾತ್ರಿ 10ರಿಂದ ಬೆಳಿಗ್ಗೆ 8ರವರೆಗೆ ಹೆಚ್ಚು ಹೊತ್ತು ಆಡುವವರು ಮುಖ ತೋರಿಸಿ ತಾವು ಮಕ್ಕಳಲ್ಲ ಅಂತ ಸಾಬೀತು ಮಾಡಬೇಕು. ನಾವು ಗೇಮಿನ ಮುಖ ನೋಡುತ್ತಿದ್ದೆವು, ಈಗ ಗೇಮೇ ನಮ್ಮ ಮುಖ ನೋಡುತ್ತಿದೆ.

ನಮ್ಮೂರಿನ ಕಥೆಗೆ ಬರೋಣ. ಕ್ರಿಕೆಟಿಗರ ಅಧಿಕೃತ ಡಿಜಿಟಲ್ ಕಾರ್ಡು ಮಾರುವ ‘ರಾರಿಯೋ’ ಕಂಪನಿ, ಬೆಂಗಳೂರಿನ ಎಂಪಿಎಲ್ ಮತ್ತು ‘ಸ್ಟ್ರೈಕರ್’ ಆಟದ ಮೇಲೆ ದೆಹಲಿ ಹೈಕೋರ್ಟಿಗೆ ಹೋಯಿತು. ನಮ್ಮ ಆಟಗಾರರ ಹೆಸರು, ಮುಖದ ಚಿತ್ರ ಬಳಸಿ ಅವರೂ ಕಾರ್ಡು ಮಾರ್ತಿದ್ದಾರೆ ಅನ್ನೋದು ದೂರು. ಕೆಲವು ಕ್ರಿಕೆಟಿಗರೂ ಜೊತೆಗಿದ್ದರು. 2023ರ ಏಪ್ರಿಲಿನಲ್ಲಿ ನ್ಯಾಯಾಲಯ ತಡೆಯಾಜ್ಞೆ ಕೊಡಲಿಲ್ಲ. ಹೆಸರು, ರನ್ನು, ವಿಕೆಟ್ಟು ಎಲ್ಲರಿಗೂ ಗೊತ್ತಿರುವ ಮಾಹಿತಿ. ಕಾರ್ಡಿನಲ್ಲಿರೋದು ಫೋಟೋ ಅಲ್ಲ, ಕಲಾವಿದರು ಬಿಡಿಸಿದ ಚಿತ್ರ. ಅದಕ್ಕೆ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆ ಇದೆ. ಐದು ತಿಂಗಳ ನಂತರ, ಸೆಪ್ಟೆಂಬರಿನಲ್ಲಿ, ಅದೇ ಹೈಕೋರ್ಟು ನಟ ಅನಿಲ್ ಕಪೂರ್ ಅವರ ಮುಖ, ದನಿ, ಕೊನೆಗೆ ‘ಝಕಾಸ್’ ಅನ್ನೋ ಮಾತನ್ನೂ ಒಪ್ಪಿಗೆಯಿಲ್ಲದೆ ಎಐ ಮೂಲಕ ಬಳಸಿ ದುಡ್ಡು ಮಾಡೋದಕ್ಕೆ ತಡೆ ಹಾಕಿತು.

ಎರಡೂ ಆದೇಶ ಒಂದಕ್ಕೊಂದು ವಿರುದ್ಧ ಅಂತ ಕಾಣಬಹುದು. ನನಗೆ ಎರಡರ ಹಿಂದೆಯೂ ಒಂದು ನ್ಯಾಯ ಕಾಣುತ್ತೆ. ಪ್ರತಿ ಚಿತ್ರಕ್ಕೂ ಪರವಾನಗಿ ಬೇಕು ಅಂದರೆ ನಮ್ಮ ವ್ಯಂಗ್ಯಚಿತ್ರಕಾರರು ಪೆನ್ಸಿಲ್ ಕೆಳಗಿಡಬೇಕಾಗುತ್ತೆ. ಒಬ್ಬ ಮನುಷ್ಯ ಇನ್ನೊಬ್ಬನನ್ನು ನೋಡಿ, ತನಗೆ ಕಂಡ ಹಾಗೆ ಬಿಡಿಸೋದು ಬೇರೆ. ಮುಖವನ್ನು ಅಳೆದು, ಕಡತ ಮಾಡಿ, ಸರ್ವರಿನಲ್ಲಿಟ್ಟು, ಬೇಕಾದಾಗ ಕುಣಿಸೋದು ಬೇರೆ. ಮಿಯಾಮೊಟೊ ಮಾಡಿದ್ದು ಮೊದಲನೆಯದು. ಪೆಸೀನಾಗೆ ಆದದ್ದು ಎರಡನೆಯದರ ಶುರು. ಕಾನೂನು ಈ ಎರಡರ ನಡುವೆ ಗೆರೆ ಎಳೆಯೋಕೆ ಇನ್ನೂ ತಡವರಿಸುತ್ತಿದೆ.

ಅಲ್ಲಿಯವರೆಗೆ ನಮ್ಮ ಸ್ಥಿತಿ ಏನು? ಜೋರ್ಡನ್ ಸಹಿ ಹಾಕಲಿಲ್ಲ, ಒಬ್ಯಾನನ್‌ಗೆ ಸಹಿ ಕೇಳಲೇ ಇಲ್ಲ, ಪೆಸೀನಾ ಸಹಿ ಹಾಕಿ ಕೆಟ್ಟರು. ಆಫೀಸಿಂದ ಬಂದು ಸುಸ್ತಾಗಿ, ಫೋನನ್ನು ಮುಖದ ಮುಂದೆ ಹಿಡಿದು, ಅವತಾರ್ ಸ್ಕ್ಯಾನ್ ಆಗಲಿ ಅಂತ ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸುವ ನಾವು ಸದ್ಯಕ್ಕೆ ಪೆಸೀನಾ ಪಕ್ಷ. ಅವರಿಗೆ ಕೊನೇಪಕ್ಷ ಸ್ವಲ್ಪ ಸಂಭಾವನೆ ಸಿಕ್ಕಿತ್ತು.